ಕುಲಾವಿಯೂ ಒದ್ದೆ, ದಿಂಬೂ ಒದ್ದೆ

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಿಗೆ ಮನೆಭೇಟಿಗೆ ಹೋಗುವ ನಮಗೆ ಮಾರ್ಚ್ ನಡುವಿನಿಂದ ಮೊದಲ ಮಳೆ ಬೀಳುವವರೆಗೂ ಒಂದೇ ಮಾತು ಕೇಳಿಬರುತ್ತದೆ. ‘ಸಿಸ್ಟರಮ್ಮ, ಮಗು ತಲೆ ಹಿಂಡಿದ್ರೆ ನೀರು ಬರೋ ಹಂಗೆ ಬೆವರ್ತದೆ. ಮೈಯಾಗೆ ಏನಾನ ಕೊರತೆ ಐತಾ?’ ನೂರಕ್ಕೆ ತೊಂಬತ್ತು ಪಾಲು ಮನೆಗಳಲ್ಲಿ ಕೊರತೆ ಇರುವುದು ಕಿಟಕಿಯದ್ದು. ಆದರೆ ಆ ಮಾತನ್ನು ಬಾಗಿಲಲ್ಲೇ ನಿಂತು ಹೇಳಿಬಿಡುವ ಹಾಗಿಲ್ಲ. ಉಳಿದ ಕೆಲವು ಮಕ್ಕಳಲ್ಲಿ ಹೃದಯದ ತೊಂದರೆ ಮೊದಲು ಕಾಣಿಸಿಕೊಳ್ಳುವುದೂ ಹಣೆಯ ಬೆವರಾಗಿಯೇ. ಹಾಗಾಗಿ ಪ್ರತಿ ಮನೆಯಲ್ಲೂ ಮುಕ್ಕಾಲು ಗಂಟೆ ಕೂರಬೇಕು. ಆ ಮುಕ್ಕಾಲು ಗಂಟೆಯಲ್ಲಿ ಏನೇನು ನಡೆಯುತ್ತದೆ ಎಂಬುದು ಇಲ್ಲಿದೆ.

ರೇಷ್ಮೆ ಹುಳು ಸಾಕುವ ಮನೆ. ಹದಿನಾಲ್ಕು ವಾರದ ಹೆಣ್ಣು ಕೂಸು, ಅದಕ್ಕೊಬ್ಬ ನಾಲ್ಕು ವರ್ಷದ ಅಣ್ಣ. ಇದು ಬಾಣಂತಿಯ ತವರುಮನೆ, ಹೀಗಾಗಿ ಮಗುವಿನ ಆಡಳಿತವೆಲ್ಲ ಅಜ್ಜಿಯದು. ಬೆಳಗ್ಗೆ ಹನ್ನೊಂದರ ಹೊತ್ತು. ಕೂಸು ನೈಲೆಕ್ಸ್ ಸೀರೆಯ ಜೋಲಿಯಲ್ಲಿ ಮಲಗಿದೆ. ತಲೆಗೆ ಉಲ್ಲನ್ ಕುಲಾವಿ, ಕಾಲಿಗೆ ಕಾಲುಚೀಲ, ಮೈಗೆ ಜಬಲಾ, ಅದರ ಮೇಲೊಂದು ಸ್ವೆಟರ್. ಹೊರಗೆ ಆಗಲೇ 33 ಡಿಗ್ರಿ.

ಮುಟ್ಟುವುದಕ್ಕೆ ಮೊದಲು ಕೇಳುವುದು. ಬೆವರು ಯಾವ ಹೊತ್ತಿನಲ್ಲಿ ಬರುತ್ತದೆ? ‘ಯಾವಾಗ್ಲೂ’ ಅನ್ನುತ್ತಾರೆ ಎಲ್ಲರೂ. ಮತ್ತೆ ಬಿಡಿಸಿ ಕೇಳಬೇಕು. ನಿದ್ದೆ ಹತ್ತಿದ ಮೇಲೋ, ಹಾಲು ಕುಡಿಯುವಾಗಲೋ, ಅತ್ತಾಗಲೋ, ಎಣ್ಣೆನೀರು ಆದಮೇಲೋ, ಸುಮ್ಮನೆ ಎಚ್ಚರವಾಗಿ ಆಡಿಕೊಂಡಿದ್ದಾಗಲೂ ಬರುತ್ತದೋ? ತಲೆ ಒಂದೇ ತೊಯ್ಯುತ್ತದೋ, ಎದೆ ಬೆನ್ನೂ ತೊಯ್ಯುತ್ತದೋ? ಬೆವರಿದಾಗ ಮೈ ಬಿಸಿಯೋ ತಣ್ಣಗೋ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಮೈ ಬೆಚ್ಚಗಿದ್ದು ಬೆವರುವ ಮಗು ಶಾಖವನ್ನು ಹೊರಹಾಕುತ್ತಿದೆ. ಮೈ ತಣ್ಣಗಿದ್ದು ಹಣೆಯಲ್ಲಿ ಬೆವರೊಡೆದರೆ ಆ ಬೆವರಿಗೂ ಸೆಕೆಗೂ ಸಂಬಂಧವಿಲ್ಲ, ಕಾರಣ ಬೇರೆ ಕಡೆ ಹುಡುಕಬೇಕು. ಈ ಮನೆಯಲ್ಲಿ ಬಂದ ಉತ್ತರ: ಮಲಗಿದಾಗ ಮತ್ತು ಹಾಲು ಕುಡಿಯುವಾಗ, ತಲೆ ಮತ್ತು ಕತ್ತು, ಮೈ ಬಿಸಿ.

ಕುಲಾವಿ ತೆಗೆದೆವು. ಒಳಗಿನಿಂದ ಹಬೆ ಬಂದಂತೆ ಬಿಸಿ ತಟ್ಟಿತು. ಕೂದಲು ನೆತ್ತಿಗೆ ಅಂಟಿಕೊಂಡಿತ್ತು. ನೆತ್ತಿಯ ಮೆತ್ತನೆ ಜಾಗದಲ್ಲಿ ಅಜ್ಜಿ ‘ತಂಪಿಗೆ’ ಎಂದು ಹಚ್ಚಿದ ಹರಳೆಣ್ಣೆ. ಹರಳೆಣ್ಣೆ ಜಿಗುಟು, ಚರ್ಮದ ಮೇಲೆ ಪದರವಾಗಿ ನಿಲ್ಲುತ್ತದೆ. ಕೆಳಗಿನ ಬೆವರಿಗೆ ಹೋಗಲು ದಾರಿಯಿಲ್ಲ, ಮೇಲೆ ಉಣ್ಣೆ ಬೇರೆ. ತಂಪಿಗೆಂದು ಮಾಡಿದ್ದೇ ಮುಚ್ಚಳವಾಗಿ ಕೂತಿತ್ತು.

ಮೈ ಬಿಸಿ ನೋಡಲು ಅಂಗೈ ಅಂಗಾಲು ಮುಟ್ಟುವುದು ನಮ್ಮ ಕಡೆ ರೂಢಿ. ಮೊದಲ ತಿಂಗಳುಗಳಲ್ಲಿ ಕೈಕಾಲಿಗೆ ರಕ್ತದ ಓಟ ಕಡಿಮೆ. ಅವು ತಣ್ಣಗಿರುವುದು ಸಹಜ. ಅವನ್ನು ಮುಟ್ಟಿ ‘ಮಗು ತಣ್ಣಗೈತೆ’ ಎಂದು ಇನ್ನೊಂದು ಬಟ್ಟೆ ಹೊದಿಸುವುದರಿಂದಲೇ ಅರ್ಧ ಬೆವರು ಶುರುವಾಗುತ್ತದೆ. ಕತ್ತಿನ ಹಿಂಭಾಗಕ್ಕೋ, ಜಬಲಾದ ಒಳಗೆ ಎದೆಗೋ ಬೆರಳುಗಳ ಹಿಂಬದಿ ಇಡಬೇಕು. ಅಲ್ಲಿ ಬೆಚ್ಚಗೆ, ಒಣಗಿದ್ದರೆ ಮಗುವಿಗೆ ಬಟ್ಟೆ ಸರಿಯಾಗಿದೆ. ಜಿಗುಟಾಗಿದ್ದರೆ ಹೆಚ್ಚಾಗಿದೆ.

ಆಮೇಲೆ ಥರ್ಮಾಮೀಟರ್. ಡಿಜಿಟಲ್ ಸಾಕು, ಕಂಕುಳಲ್ಲಿ. ಇಲ್ಲೊಂದು ತಪ್ಪು ಸದಾ ಆಗುತ್ತದೆ: ಬೆವರಿದ ಕಂಕುಳಿಗೆ ಹಾಗೇ ಇಟ್ಟರೆ ಒದ್ದೆಯಿಂದಾಗಿ ಅಂಕಿ ಕಡಿಮೆ ತೋರಿಸುತ್ತದೆ, ಜ್ವರವೇ ತಪ್ಪಿಹೋಗಬಹುದು. ಮೊದಲು ಬಟ್ಟೆಯಿಂದ ಒತ್ತಿ ಒರೆಸಿ, ತುದಿ ಕಂಕುಳಿನ ಆಳಕ್ಕೆ ಮುಟ್ಟುವಂತೆ ಇಟ್ಟು, ತೋಳನ್ನು ಪಕ್ಕೆಗೆ ಒತ್ತಿ ಹಿಡಿದು ಬೀಪ್ ಬರುವವರೆಗೆ ಕಾಯಬೇಕು. 97.7ರಿಂದ 99.5 ಫ್ಯಾರನ್‌ಹೀಟ್ ಸರಿಯಾದ ಮಟ್ಟ. ಮೂರು ತಿಂಗಳೊಳಗಿನ ಕೂಸಿಗೆ 100.4 ಮುಟ್ಟಿದರೆ ಮನೆಮದ್ದಿಗೆ ಜಾಗವಿಲ್ಲ, ಅದೇ ದಿನ ಆಸ್ಪತ್ರೆ. ಈ ಕೂಸಿಗೆ 99.3 ಇತ್ತು. ಸ್ವೆಟರ್, ಕುಲಾವಿ, ಕಾಲುಚೀಲ ತೆಗೆದು ನೆಲದ ಚಾಪೆಯ ಮೇಲೆ ಮಲಗಿಸಿ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿದಾಗ 98.4. ಬಟ್ಟೆ ಬಿಚ್ಚಿದ್ದಕ್ಕೆ ಇಳಿಯುವ ಬಿಸಿ ಬಟ್ಟೆಯದ್ದೇ.

ಉಸಿರು ಎಣಿಸುವುದು ಮುಂದಿನದು. ಮಗು ಅಳದೆ, ಹಾಲು ಕುಡಿಯದೆ ಇರುವಾಗ ಹೊಟ್ಟೆಯ ಏರಿಳಿತ ನೋಡುತ್ತಾ ಪೂರಾ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ದೊಡ್ಡವರಿಗೆ ನಡೆದೀತು, ಕೂಸುಗಳಿಗೆ ನಡೆಯದು. ಅವು ಕೆಲವು ಸೆಕೆಂಡ್ ಬೇಗ ಬೇಗ ಉಸಿರಾಡಿ ಆಮೇಲೆ ನಿಧಾನ ಮಾಡುತ್ತವೆ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಇಲ್ಲಿ 42 ಬಂತು.

ತೂಕಕ್ಕೆ ತಾಯಿ ಕಾರ್ಡ್ ತೆರೆಯುತ್ತೇವೆ. ಹುಟ್ಟಿದಾಗ 2.9 ಕೆಜಿ, ಆರು ವಾರದ ಲಸಿಕೆಯ ದಿನ 4.1, ಹತ್ತನೇ ವಾರ 4.9, ಈಗ 5.6. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಇದು 25ರಿಂದ 29ರ ನಡುವೆ ಏರುತ್ತಿದೆ. ಬೆವರುವ ಮಗುವಿನ ಬಗ್ಗೆ ಗಾಬರಿಯಾಗಬೇಕೋ ಬೇಡವೋ ಎಂಬುದನ್ನು ಈ ನಾಲ್ಕು ಅಂಕಿಗಳಷ್ಟು ನೇರವಾಗಿ ಬೇರೆ ಯಾವುದೂ ಹೇಳುವುದಿಲ್ಲ. ಕಾರ್ಡಿನಲ್ಲಿ ತೂಕ ಬರೆಸದೆ ಬರೀ ಸೂಜಿ ಹಾಕಿಸಿಕೊಂಡು ಬರುವವರು ಇನ್ನೂ ಇದ್ದಾರೆ. ತಕ್ಕಡಿ ಪಕ್ಕದಲ್ಲೇ ಇರುತ್ತದೆ, ಕೇಳಿ ಬರೆಸಿಕೊಳ್ಳಿ.

ಇಷ್ಟಾದ ಮೇಲೆ ‘ಈಗ ಹಾಲು ಕೊಡಮ್ಮ, ನೋಡ್ತೀವಿ’ ಎನ್ನುತ್ತೇವೆ. ಮನೆಭೇಟಿಯ ಅತಿ ಮುಖ್ಯ ಹೊತ್ತು ಇದು. ಅವಸರದಲ್ಲಿ ಬಿಟ್ಟುಹೋಗುವುದೂ ಇದೇ.

ಸಾಮಾನ್ಯ ಕೂಸು ಮೊದಲು ಚುರುಕಾಗಿ ಚೀಪುತ್ತದೆ, ಹಾಲಿಳಿದ ಮೇಲೆ ನಿಧಾನವಾಗಿ ನುಂಗುತ್ತದೆ, ಹತ್ತಿಪ್ಪತ್ತು ನಿಮಿಷಕ್ಕೆ ತಾನೇ ಬಿಡುತ್ತದೆ. ಆಗ ಹಣೆ, ತಾಯಿಯ ಮೊಣಕೈಗೆ ಒತ್ತಿದ ಕಡೆಯ ಕೆನ್ನೆ, ಕಿವಿಯ ಹಿಂದೆ ಬೆವರು ಸಾಲುಗಟ್ಟುತ್ತದೆ. ತಾಯಿಯ ಮೈಬಿಸಿ ಒಂದು ಕಡೆ, ಚೀಪುವ ದುಡಿಮೆ ಇನ್ನೊಂದು ಕಡೆ, ಮೇಲೆ ಸೆರಗು. ಮಗು ಕೆಂಪಗೆ, ತೃಪ್ತಿಯಾಗಿ ಮಲಗುತ್ತದೆ. ತಲೆಯ ಕೆಳಗೆ ತೋಳಿನ ಮೇಲೊಂದು ತೆಳು ಹತ್ತಿ ಬಟ್ಟೆ ಹಾಕಿಕೊಂಡರೆ ಈ ಬೆವರು ಅರ್ಧಕ್ಕಿಳಿಯುತ್ತದೆ.

ಹೃದಯದ ತೊಂದರೆ ಇರುವ ಕೂಸಿನ ಹಾಲೂಟ ಬೇರೆಯೇ. ಅಂಥದ್ದೊಂದು ಗಂಡು ಕೂಸನ್ನು ಬಾಗೇಪಲ್ಲಿ ರಸ್ತೆಯ ಹಳ್ಳಿಯೊಂದರಲ್ಲಿ ಕಂಡಾಗ ಅದಕ್ಕೆ ಆರು ವಾರ. ಹುಟ್ಟಿದಾಗ 2.8 ಕೆಜಿ, ಈಗ 3.2. ನಲವತ್ತೆರಡು ದಿನಕ್ಕೆ 400 ಗ್ರಾಂ, ಅಂದರೆ ದಿನಕ್ಕೆ ಹತ್ತು ಗ್ರಾಂ ಕೂಡ ಇಲ್ಲ. ಎರಡು ನಿಮಿಷ ಚೀಪಿತು, ಬಿಟ್ಟಿತು, ಬಾಯಿ ತೆರೆದು ಏದುಸಿರು ಬಿಟ್ಟಿತು, ಮತ್ತೆ ಹಿಡಿಯಿತು, ಸುಸ್ತಾಗಿ ನಿದ್ದೆಹೋಯಿತು, ಕಾಲು ಗಂಟೆಗೆ ಹಸಿದು ಎದ್ದಿತು. ಹಣೆಯ ಮೇಲೆ ಬೆವರಿನ ಹನಿ, ಹಣೆ ಮುಟ್ಟಿದರೆ ತಣ್ಣಗೆ. ಉಸಿರು ನಿಮಿಷಕ್ಕೆ 68, ಪಕ್ಕೆಯ ಕೆಳಗೆ ಚರ್ಮ ಒಳಗೆ ಎಳೆಯುತ್ತಿತ್ತು. ಮನೆಯವರ ದೂರು ಏನೆಂದರೆ ‘ಹಾಲು ಸಾಲ್ದು, ಬೆವರು ಜಾಸ್ತಿ’.

ಹೃದಯದ ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿದ್ದರೆ ಹುಟ್ಟಿದ ದಿನ ಏನೂ ಗೊತ್ತಾಗದೆ ಇರಬಹುದು. ಶ್ವಾಸಕೋಶದ ರಕ್ತನಾಳಗಳ ಬಿಗಿ ಮೊದಲ ಕೆಲವು ವಾರಗಳಲ್ಲಿ ನಿಧಾನಕ್ಕೆ ಸಡಿಲಾಗುತ್ತದೆ. ಆಗ ರಂಧ್ರದ ಮೂಲಕ ಹೆಚ್ಚು ಹೆಚ್ಚು ರಕ್ತ ಶ್ವಾಸಕೋಶದ ಕಡೆ ಹರಿಯುತ್ತದೆ. ನಾಲ್ಕರಿಂದ ಆರು ವಾರಕ್ಕೆ ಲಕ್ಷಣ ಕಾಣುವುದು ಇದರಿಂದ. ಹೃದಯ ಸೋಲುತ್ತಾ ಬಂದಂತೆ ದೇಹ ತುರ್ತುಸ್ಥಿತಿಯ ನರಗಳನ್ನು ಸದಾ ಚಾಲೂ ಇಡುತ್ತದೆ. ಬೆವರು ಗ್ರಂಥಿಗಳಿಗೆ ಅಪ್ಪಣೆ ಕೊಡುವುದೂ ಅದೇ ನರಗಳು. ಕೂಸಿಗೆ ಹಾಲು ಕುಡಿಯುವುದೆಂದರೆ ನಮಗೆ ನಂದಿಬೆಟ್ಟ ಹತ್ತಿದಂತೆ, ಅದಕ್ಕಾಗಿ ಆ ಹೊತ್ತಿಗೇ ಬೆವರೊಡೆಯುತ್ತದೆ. ಇಂಥ ಮಗುವನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಮೂಲಕ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಎಕೋ ಪರೀಕ್ಷೆಗೆ (ಹೃದಯದ ಸ್ಕ್ಯಾನ್) ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗೆ ಕಳಿಸುತ್ತೇವೆ. 2013ರಿಂದ ಇರುವ ಈ ಕಾರ್ಯಕ್ರಮದಡಿ ಹುಟ್ಟಿನಿಂದ ಬಂದ ಹೃದಯದೋಷದ ಚಿಕಿತ್ಸೆಗೆ ಮನೆಯವರು ಹಣ ಹೊಂದಿಸಬೇಕಿಲ್ಲ. ಹೋಗುವಾಗ ತಾಯಿ ಕಾರ್ಡ್, ತಾಯಿಯ ಆಧಾರ್, ರೇಷನ್ ಕಾರ್ಡ್ ಮೂರರ ಮೂಲವೂ ನಕಲೂ ಜೊತೆಗಿರಲಿ. ಒಂದು ಕಾಗದಕ್ಕಾಗಿ ಚಿಂತಾಮಣಿಗೆ ವಾಪಸ್ ಬಂದವರನ್ನು ನೋಡಿದ್ದೇವೆ.

ಶಿಡ್ಲಘಟ್ಟದ ನಮ್ಮ ಹೆಣ್ಣು ಕೂಸು ಹದಿನಾರು ನಿಮಿಷ ಕುಡಿದು ಬಾಯಿ ಬಿಟ್ಟು ಮಲಗಿತು. ಅದು ಕುಡಿಯುತ್ತಿರುವಾಗಲೇ ಅಜ್ಜಿಗೆ ಕಾರಣ ಹೇಳಿ ಮುಗಿಸಿದ್ದೆವು.

ಬೆವರು ಗ್ರಂಥಿಗಳು ಮಗು ಹೊಟ್ಟೆಯಲ್ಲಿರುವಾಗಲೇ ಪೂರ್ತಿ ಹುಟ್ಟಿಕೊಂಡುಬಿಡುತ್ತವೆ. ಹುಟ್ಟಿದ ಮೇಲೆ ಹೊಸದೊಂದು ಸೇರುವುದಿಲ್ಲ. ಸುಮಾರು 20ರಿಂದ 40 ಲಕ್ಷ. ಆರಡಿ ಆಳಿಗೆ ಇರುವಷ್ಟೇ ಒಂದೂವರೆ ಅಡಿ ಕೂಸಿಗೂ. ಅಷ್ಟು ಚಿಕ್ಕ ಚರ್ಮದಲ್ಲಿ ಅವು ಒತ್ತೊತ್ತಾಗಿ ಕೂತಿರುತ್ತವೆ. ಒಂದೊಂದು ಗ್ರಂಥಿ ಸುರಿಸುವ ಬೆವರು ದೊಡ್ಡವರದ್ದಕ್ಕಿಂತ ಕಡಿಮೆಯೇ, ಆದರೆ ಮೊದಲು ಚುರುಕಾಗುವುದು ಹಣೆಯ ಗ್ರಂಥಿಗಳು. ಮತ್ತೆ ಕೂಸಿನ ತಲೆಯೂ ದೊಡ್ಡದು. ದೊಡ್ಡವರಲ್ಲಿ ತಲೆ ಮತ್ತು ಕತ್ತಿನ ಚರ್ಮ ಇಡೀ ಮೈಯ ಶೇ 9 ಇದ್ದರೆ ಕೂಸಿನಲ್ಲಿ ಶೇ 18ರಷ್ಟು. ಮೈಯ ಉಳಿದ ಭಾಗವನ್ನೆಲ್ಲ ಸುತ್ತಿಟ್ಟ ಮೇಲೆ ಶಾಖ ಬಿಡಲು ಉಳಿಯುವ ಒಂದೇ ಕಿಟಕಿ ತಲೆ. ಅದಕ್ಕೂ ಕುಲಾವಿ ಹಾಕಿದರೆ ಕೂಸು ಏನು ಮಾಡಬೇಕು? ಕೆಜಿ ಲೆಕ್ಕದಲ್ಲಿ ನೋಡಿದರೆ ಕೂಸಿನ ಮೈ ಹುಟ್ಟಿಸುವ ಶಾಖವೂ ನಮ್ಮದಕ್ಕಿಂತ ಜಾಸ್ತಿ. ಸೆಕೆಯಾದರೆ ನಾವು ಹೊದಿಕೆ ಒದೆಯುತ್ತೇವೆ, ಮಗ್ಗುಲು ಬದಲಿಸುತ್ತೇವೆ, ಹೊರಗೆ ಜಗಲಿಗೆ ಹೋಗುತ್ತೇವೆ. ಮೂರು ತಿಂಗಳ ಕೂಸಿಗೆ ಇರುವ ದಾರಿಗಳು ಎರಡೇ, ಬೆವರುವುದು ಇಲ್ಲವೇ ಅಳುವುದು.

‘ಕುಲಾವಿ ತೆಗುದ್ರೆ ತಲೆಗೆ ಗಾಳಿ ಹೊಕ್ಕಲ್ವಾ?’ ಅಜ್ಜಿಯ ಪ್ರಶ್ನೆ ನ್ಯಾಯವಾದದ್ದೇ. ಹುಟ್ಟಿದ ಮೊದಲ ದಿನಗಳಲ್ಲಿ, ಅದರಲ್ಲೂ ತೂಕ ಕಡಿಮೆ ಇರುವ ಕೂಸಿಗೆ ಟೋಪಿ ಬೇಕೇ ಬೇಕು. ತಲೆಯಿಂದಲೇ ಶಾಖ ಸೋರಿ ಮೈ ತಣ್ಣಗಾಗುತ್ತದೆ. ಡಿಸೆಂಬರ್ ಬೆಳಗಿನ ಚಳಿಗೂ ಬೇಕು. ಐದೂವರೆ ಕೆಜಿ ದಾಟಿದ ಆರೋಗ್ಯದ ಕೂಸಿಗೆ ಏಪ್ರಿಲ್ ಹತ್ತಿರದ ಹಗಲಿನಲ್ಲಿ ಬೇಡ. ಆಸ್ಪತ್ರೆಯಲ್ಲಿ ಮೊದಲ ದಿನ ಹೇಳಿದ ‘ಬೆಚ್ಚಗಿಡಿ’ ಎಂಬ ಮಾತನ್ನು ಯಾರೂ ಮತ್ತೆ ಬಂದು ಹಿಂತೆಗೆದುಕೊಳ್ಳುವುದಿಲ್ಲ. ಗೊಂದಲ ಅಲ್ಲಿಂದಲೇ ಶುರು, ಅದರಲ್ಲಿ ನಮ್ಮ ಪಾಲೂ ಇದೆ.

ಈಗ ಕೋಣೆ. ಬೆವರು ಸುರಿದರೆ ಸಾಲದು, ಆವಿಯಾಗಬೇಕು. ಒಂದು ಗ್ರಾಂ ಬೆವರು ಆವಿಯಾಗುವಾಗ ಮೈಯಿಂದ ಸುಮಾರು 0.58 ಕಿಲೋಕ್ಯಾಲೊರಿ ಶಾಖ ತೆಗೆದುಕೊಂಡು ಹೋಗುತ್ತದೆ. ಹನಿಯಾಗಿ ದಿಂಬಿಗೆ ಇಳಿದುಹೋದ ಬೆವರು ಏನನ್ನೂ ತೆಗೆದುಕೊಂಡು ಹೋಗುವುದಿಲ್ಲ. ನೀರು ಉಪ್ಪು ಎರಡೂ ದಂಡ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಹೀಗೇ ಆಗುತ್ತದೆ. ಅದನ್ನು ಅಳೆಯಲು ಬೇಕಾದ ಸಾಧನ ಪಕ್ಕದ ಹುಳದ ಮನೆಯ ಗೋಡೆಯಲ್ಲೇ ನೇತಾಡುತ್ತಿತ್ತು: ಒಣ ಬುರುಡೆ, ಒದ್ದೆ ಬುರುಡೆ ಎರಡೂ ಇರುವ ತಾಪಮಾಪಕ. ಹುಳು ಸಾಕುವ ಅನೇಕ ಮನೆಗಳಲ್ಲಿ ಇದು ಇರುತ್ತದೆ. ತಂದು ಮಗುವಿನ ಕೋಣೆಯ ಮೊಳೆಗೆ ಕಾಲು ಗಂಟೆ ತೂಗುಹಾಕಿದೆವು. ಎರಡರ ಅಂತರ ಕಡಿಮೆಯಾದಷ್ಟೂ ಗಾಳಿಯಲ್ಲಿ ತೇವ ಹೆಚ್ಚು. ಒಣದ್ದು 31, ಒದ್ದೆಯದ್ದು 27. ತೇವಾಂಶ ಶೇ 75ರ ಹತ್ತಿರ. ಹೊರಗೆ ಜಗಲಿಯಲ್ಲಿ 33 ಮತ್ತು 22. ಬಿಸಿ ಎರಡು ಡಿಗ್ರಿ ಹೆಚ್ಚು, ತೇವ ಅರ್ಧ. ಅಂದರೆ ಮಗು ಆ ಹೊತ್ತಿಗೆ ಜಗಲಿಯ ನೆರಳಿನಲ್ಲಿದ್ದರೇ ಹೆಚ್ಚು ಆರಾಮ.

ಮನೆಯ ಯಜಮಾನರಿಗೆ ಬೇರೆ ವಿವರಣೆಯೇ ಬೇಕಾಗಲಿಲ್ಲ. ನಾಲ್ಕನೇ ಜ್ವರ (ಹುಳು ಪೊರೆ ಕಳಚುವುದಕ್ಕೆ ಇಲ್ಲಿ ಹೇಳುವ ಹೆಸರು) ಎದ್ದ ಹುಳುವಿನ ಮನೆಯಲ್ಲಿ ಗಾಳಿಯಾಡದಿದ್ದರೆ ಏನಾಗುತ್ತದೆಂದು ಅವರು ನಮಗೇ ಪಾಠ ಹೇಳಬಲ್ಲರು. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, ಬಿಸಿ, ತೇವ ಎರಡೂ ಜಾಸ್ತಿ ಬೇಕು, ದೊಡ್ಡ ಹುಳುವಿಗೆ ಕಡಿಮೆ ಬಿಸಿ, ಕಡಿಮೆ ತೇವ, ಧಾರಾಳ ಗಾಳಿ. ‘ಅಂಗಾರೆ ನಮ್ ಕೂಸು ಚಾಕಿ ದಾಟ್ತು ಅನ್ನಿ’ ಎಂದರು. ಸರಿಯಾಗಿಯೇ ಹಿಡಿದಿದ್ದರು.

ತೇವ ಎಲ್ಲಿಂದ ಬಂತು? ಹುಳದ ಮನೆಯ ಒದ್ದೆ ಗೋಣಿ ಪಕ್ಕದ ಗೋಡೆಗೆ, ಕೋಣೆಯ ಮೂಲೆಯಲ್ಲೇ ಬಚ್ಚಲು, ಅಲ್ಲಿ ಬೆಳಗ್ಗೆ ಎಂಟರಿಂದ ಹಂಡೆ ನೀರು ಕುದಿಯುತ್ತದೆ. ಬಾಣಂತಿ ಕೋಣೆ ಎಂದು ಎರಡು ಕಿಟಕಿಗೂ ಪ್ಲಾಸ್ಟಿಕ್ ಹೊಡೆದಿದ್ದರು. ನೂಲು ಬಿಚ್ಚುವ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ಗೂಡು ಬೇಯಿಸುವ ಕುದಿನೀರಿನ ಹಬೆ ತೊಟ್ಟಿಲವರೆಗೂ ಬರುತ್ತದೆ. ಅಂಥಲ್ಲಿ ತೊಟ್ಟಿಲನ್ನೇ ಎತ್ತಿ ಬೇರೆ ಕಡೆ ಇಡುವುದಲ್ಲದೆ ಉಪಾಯವಿಲ್ಲ.

ಬದಲಾಯಿಸಿದ್ದು ಇಷ್ಟು. ಪ್ಲಾಸ್ಟಿಕ್ ಕಿತ್ತು ಕಿಟಕಿಗೆ ಸೊಳ್ಳೆಯ ಜಾಲರಿ; ಎದುರು ಬದುರು ಎರಡೂ ತೆರೆದರೆ ಮಾತ್ರ ಗಾಳಿ ಹಾಯುತ್ತದೆ. ನೈಲೆಕ್ಸ್ ಸೀರೆ ಬೆವರು ಹೀರುವುದಿಲ್ಲ, ಎರಡೂ ಮಗ್ಗುಲು ಮುಚ್ಚಿಕೊಂಡು ಚೀಲದಂತಾಗುತ್ತದೆ. ಹಗಲು ನೆಲದ ಚಾಪೆಯ ಮೇಲೆ ಮಡಿಸಿದ ಹಳೆಯ ಹತ್ತಿ ಸೀರೆ. ಕೆಳಗೆ ಹಾಸಿದ್ದ ರೆಕ್ಸಿನ್ ಬೆನ್ನಿನಡಿ ಬೇಡ, ಬೇಕಾದರೆ ಸೊಂಟದಡಿ ಒಂದು ಅಂಗೈಯಗಲ. ರಾಗಿ ದಿಂಬನ್ನು ತೆಗೆಸಿದೆವು. ವರ್ಷದೊಳಗಿನ ಮಗುವಿಗೆ ದಿಂಬೇ ಬೇಡ. ಬಟ್ಟೆ ಒಂದೇ ಪದರ, ತೋಳಿಲ್ಲದ ಹತ್ತಿ ಜಬಲಾ ಮತ್ತು ಲಂಗೋಟಿ. ಪ್ಯಾಡ್ ಪ್ರಯಾಣಕ್ಕೆ ಮಾತ್ರ. ಫ್ಯಾನ್ ಹಾಕಬಹುದು: ಮೇಲಿನದ್ದಾದರೆ ಸಣ್ಣಗೆ, ಟೇಬಲ್ ಫ್ಯಾನ್ ಆದರೆ ಗೋಡೆಗೆ ತಿರುಗಿಸಿ. ಒದ್ದೆ ಬಟ್ಟೆ ಬದಲಿಸದೆ ಫ್ಯಾನಿನಡಿ ಮಲಗಿಸಿದರೆ ಮಾತ್ರ ಮೈ ಬೇಗ ತಣ್ಣಗಾಗುತ್ತದೆ, ಅದಕ್ಕೆ ಮೊದಲು ಬಟ್ಟೆ, ಆಮೇಲೆ ಫ್ಯಾನ್.

ಎಣ್ಣೆನೀರಿನ ವಿಷಯಕ್ಕೆ ಅಜ್ಜಿ ಸುಲಭಕ್ಕೆ ಒಪ್ಪಲಿಲ್ಲ. ಕುದಿಬಿಸಿ ನೀರು, ಆಮೇಲೆ ಸಾಂಬ್ರಾಣಿ ಹೊಗೆ, ಆಮೇಲೆ ಬಿಗಿಯಾಗಿ ಸುತ್ತಿ ಮಲಗಿಸುವುದು. ಮಗು ಅರ್ಧ ಗಂಟೆ ಬೆವರಿ ಮೂರು ಗಂಟೆ ಮಲಗುತ್ತದೆ, ಇದು ನೀರಿನ ಗುಣ ಎಂದು ಅವರ ನಂಬಿಕೆ. ಬಳಲಿಕೆಯ ನಿದ್ದೆಯೂ ನಿದ್ದೆಯಂತೆಯೇ ಕಾಣುತ್ತದೆ. ಕಡೆಗೆ ಒಪ್ಪಂದವಾದದ್ದು: ನೀರು ಮೊಣಕೈ ಅದ್ದಿದರೆ ಹಿತವೆನಿಸುವಷ್ಟು ಮಾತ್ರ ಬಿಸಿ, ಎಣ್ಣೆ ತೆಳುವಾದ ಕೊಬ್ಬರಿಯದ್ದು, ಅದನ್ನೂ ಪೂರ್ತಿ ತೊಳೆಯುವುದು, ಒರೆಸಿದ ಮೇಲೆ ಹತ್ತು ನಿಮಿಷ ಲಂಗೋಟಿಯಲ್ಲೇ ಬಿಡುವುದು, ಹೊಗೆ ಬೇಡ. ಹೊಗೆ ಬೇಡವೆಂದಾಗ ಮುಖ ಸ್ವಲ್ಪ ಗಂಟಾಯಿತು.

‘ಬೆವರು ತಲೆಗೆ ಇಂಗಿ ಶೀತ ಆಗ್ತದೆ’ ಎಂಬ ಮಾತಿಗೂ ಉತ್ತರ ಕೊಡಬೇಕು. ಹೊರಬಂದ ಬೆವರು ಒಳಕ್ಕೆ ಇಂಗುವುದಿಲ್ಲ. ಮೂಗು ಸೋರುವ ಶೀತ ವೈರಸ್‌ನಿಂದ. ಮುತ್ತು ಕೊಡುವ ನೆಗಡಿಯ ಮಾವನಿಂದ ಬರುತ್ತದೆ, ಬೆವರಿನಿಂದ ಬರುವುದಿಲ್ಲ. ಇನ್ನು ‘ಇಷ್ಟು ಬೆವರಿದ್ರೆ ನೀರು ಕುಡಿಸ್ಬೇಕಲ್ವಾ?’ ಆರು ತಿಂಗಳೊಳಗೆ ಬೇಡ, ಎಂಥ ಬೇಸಿಗೆಯಲ್ಲೂ. ಎದೆಹಾಲಿನಲ್ಲಿ ಶೇ 88ರಷ್ಟು ನೀರೇ. ಸೆಕೆಗೆ ಹೆಚ್ಚು ಸಲ, ಸ್ವಲ್ಪ ಸ್ವಲ್ಪ ಹಾಲು ಕೊಡಬೇಕು. ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ದರೆ, ಅದು ತಿಳಿಯಾಗಿದ್ದರೆ ಮೈಯಲ್ಲಿ ನೀರು ಸಾಕಷ್ಟಿದೆ. ನೀರು ಹೆಚ್ಚು ಬೇಕಾದದ್ದು ಹಾಲೂಡಿಸುವ ತಾಯಿಗೆ. ಆಕೆಗೆ ‘ನೀರು ಕುಡಿದ್ರೆ ಹೊಟ್ಟೆ ಬರ್ತದೆ’ ಎಂದು ಲೋಟ ಅಳೆದು ಕೊಡುವ ಮನೆಗಳು ಇನ್ನೂ ಇವೆ.

ತಲೆ ಬೆವರಿದರೆ ವಿಟಮಿನ್ ಡಿ ಕೊರತೆ ಎಂಬ ಮಾತನ್ನು ಮೆಡಿಕಲ್ ಶಾಪಿನಲ್ಲೂ ಹೇಳಿ ಕಳಿಸುತ್ತಾರೆ. ಮೂಳೆ ಮೆತ್ತಗಾಗುವ ರಿಕೆಟ್ಸ್‌ನಲ್ಲಿ ತಲೆ ಬೆವರುವುದು ನಿಜ. ಆದರೆ ಬರೀ ಬೆವರಿನಿಂದ ಅದನ್ನು ಹೇಳಲಾಗದು. ಮಣಿಕಟ್ಟು ದಪ್ಪಗಾಗಿದೆಯೇ, ಪಕ್ಕೆಲುಬಿನ ಮೇಲೆ ಮಣಿಸಾಲಿನಂತೆ ಗಂಟು ಸಿಗುತ್ತದೆಯೇ, ಒಂದೂವರೆ ವರ್ಷವಾದರೂ ನೆತ್ತಿ ಮುಚ್ಚಿಲ್ಲವೇ, ಹಲ್ಲು ತಡವೇ, ನಡೆಯುವ ಮಗುವಿನ ಕಾಲು ಬಾಗಿದೆಯೇ ಎಂದು ನೋಡಬೇಕು. ಇದಾವುದೂ ಇಲ್ಲದಿದ್ದರೂ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿ ಕೊಡುವುದು ಸರಿಯೇ. ಎಡವುವುದು ಬಾಟಲಿಯಲ್ಲಿ: ಒಂದು ಕಂಪನಿಯದ್ದು ಒಂದು ಎಂಎಲ್‌ಗೆ 400, ಇನ್ನೊಂದರದ್ದು 800. ಎರಡನೆಯದನ್ನು ಅರ್ಧ ಎಂಎಲ್ ಕೊಡಬೇಕು. ದೊಡ್ಡವರ 60,000 ಯೂನಿಟ್‌ನ ಪುಟ್ಟ ಬಾಟಲಿಯನ್ನು ಮಗುವಿನದ್ದೆಂದು ಕುಡಿಸಿದರೆ ಒಂದೇ ಸಲಕ್ಕೆ 150 ದಿನದ ಪ್ರಮಾಣ ಹೋದಂತೆ. ಅದು ಕ್ಯಾಲ್ಶಿಯಂ ಏರಿಸಿ ವಾಂತಿ, ಮಲಬದ್ಧತೆ, ಮೂತ್ರಪಿಂಡದ ತೊಂದರೆಯವರೆಗೂ ಒಯ್ಯಬಹುದು.

ಅಷ್ಟರಲ್ಲಿ ನಾಲ್ಕು ವರ್ಷದ ಅಣ್ಣನ ಸರದಿ. ‘ಇವ್ನೂ ಅಷ್ಟೇ, ರಾತ್ರಿ ದಿಂಬು ನೆನೆದೋಗ್ತದೆ.’ ರಾತ್ರಿ ಎಷ್ಟು ಹೊತ್ತಿಗೆ? ಮಲಗಿ ಒಂದು ಗಂಟೆಯೊಳಗೆ. ಆಮೇಲೆ ಒಣಗಿರುತ್ತಾನೆ. ನಿದ್ದೆ ಆಳಕ್ಕಿಳಿಯುವಾಗ ಮೈ ತನ್ನ ಬಿಸಿಯನ್ನು ತಾನೇ ಕೆಳಗಿಳಿಸುತ್ತದೆ, ಇಳಿಸುವ ದಾರಿ ಬೆವರು. ಚಿಕ್ಕ ಮಕ್ಕಳ ಆಳನಿದ್ದೆ ರಾತ್ರಿಯ ಮೊದಲ ಪಾಲಿನಲ್ಲೇ ಹೆಚ್ಚು. ಆ ಹೊತ್ತಿನ ಬೆವರಿಗೆ ಔಷಧಿಯಿಲ್ಲ, ಬೇಕಾಗಿಯೂ ಇಲ್ಲ. ಬಾಯಿ ತೆರೆದು ಗೊರಕೆ ಹೊಡೆಯುತ್ತಾ, ನಡುನಡುವೆ ಉಸಿರು ನಿಂತಂತಾಗಿ, ಕತ್ತು ಹಿಂದಕ್ಕೆ ಚಾಚಿ ಮಲಗಿ ರಾತ್ರಿಯಿಡೀ ಬೆವರಿದರೆ ಮೂಗಿನ ಹಿಂದಿನ ಅಡೆನಾಯ್ಡ್ ದಪ್ಪವಾಗಿರಬಹುದು, ಕಿವಿ-ಮೂಗು-ಗಂಟಲಿನ ವೈದ್ಯರು ನೋಡಬೇಕು. ಎರಡು ವಾರಕ್ಕೂ ಮೀರಿದ ಜ್ವರ ಅಥವಾ ಕೆಮ್ಮು, ತೂಕ ಏರದಿರುವುದು ಅಥವಾ ಇಳಿಯುವುದು, ಮನೆಯಲ್ಲಿ ಯಾರಿಗಾದರೂ ಕ್ಷಯ, ಇವುಗಳ ಜೊತೆಗೆ ಬಟ್ಟೆ ಬದಲಿಸುವಷ್ಟು ರಾತ್ರಿ ಬೆವರು ಬಂದರೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು. ಜ್ವರದ ಔಷಧಿ ಕೊಟ್ಟ ಮೇಲೆ ಬರುವ ಬೆವರು ಜ್ವರ ಇಳಿಯುತ್ತಿರುವ ಗುರುತು, ಆಗ ಕಂಬಳಿ ಹೊದಿಸಬಾರದು. ಚಳಿಗಾಲದಲ್ಲಿ ಇನ್ನೊಂದು: ಬೆಳಗ್ಗೆ ಏಳಕ್ಕೆ ಹಾಕಿ ಕಳಿಸಿದ ಸ್ವೆಟರ್ ಅಂಗನವಾಡಿಯಲ್ಲಿ ಮಧ್ಯಾಹ್ನ ಒಂದರವರೆಗೂ ಮೈಮೇಲೇ ಇರುತ್ತದೆ.

ಈ ಕಡೆಯ ಹೊಲ ತೋಟಗಳಲ್ಲಿ ಎರಡು ಬೆವರುಗಳನ್ನು ಸೆಕೆಯದೆಂದು ತಿಳಿದು ಕಾಯಬಾರದು. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಚೀರಿ, ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರಿ, ಕೈಕಾಲು ತಣ್ಣಗಾಗಿ, ವಾಂತಿ ಮಾಡಿದರೆ ಚೇಳು. ಕಲ್ಲಿನ ರಾಶಿ, ಸೌದೆ, ಹಿಪ್ಪುನೇರಳೆ ಕಡ್ಡಿಯ ಕಟ್ಟುಗಳಲ್ಲಿ ಕೆಂಪು ಚೇಳು ಅಡಗಿರುತ್ತದೆ. ಕಚ್ಚಿದ ಜಾಗದಲ್ಲಿ ಗುರುತೇ ಕಾಣದಿರಬಹುದು. ಬೆವರು ಸುರಿಯುತ್ತಿದ್ದರೆ ವಿಷ ಮೈಗೇರಿ ಹೃದಯದ ಮೇಲೆ ಒತ್ತಡ ಬೀಳುತ್ತಿದೆ ಎಂದರ್ಥ. ಮಂತ್ರ, ಸುಣ್ಣ, ಹುಣಸೆಬೀಜ ಎಂದು ಹೊತ್ತು ಕಳೆಯುವಂತಿಲ್ಲ. ಪ್ರಾಜೋಸಿನ್ ಮಾತ್ರೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತದೆ. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ತೋರಿಸಿಕೊಟ್ಟ ಚಿಕಿತ್ಸೆ ಅದು. ಇನ್ನೊಂದು, ಟೊಮೆಟೊಗೆ ಔಷಧಿ ಹೊಡೆಯುವ ದಿನ. ಬೆವರಿನ ಜೊತೆ ಜೊಲ್ಲು, ಕಣ್ಣೀರು, ಭೇದಿ, ಸೂಜಿಮೊನೆಯಷ್ಟು ಸಣ್ಣಗಾದ ಕಣ್ಣಪಾಪೆ ಕಂಡರೆ ಕೀಟನಾಶಕ ಮೈಗೆ ಹೋಗಿದೆ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವೇ ಬೆವರು ಗ್ರಂಥಿಗೆ ಅಪ್ಪಣೆ ಮುಟ್ಟಿಸುವುದು. ಆರ್ಗನೋಫಾಸ್ಫೇಟ್ ಗುಂಪಿನ ಔಷಧಿಗಳು ಅದು ಕರಗದಂತೆ ತಡೆಯುತ್ತವೆ, ಅಪ್ಪಣೆ ನಿಲ್ಲುವುದೇ ಇಲ್ಲ. ಬಟ್ಟೆ ಪೂರ್ತಿ ಬಿಚ್ಚಿ, ಸೋಪು ನೀರಿನಲ್ಲಿ ತಲೆಯಿಂದ ಕಾಲಿನವರೆಗೆ ತೊಳೆದು, ವಾಂತಿ ಮಾಡಿಸದೆ, ಔಷಧಿಯ ಡಬ್ಬಿಯನ್ನೂ ಹಿಡಿದು 108ಕ್ಕೆ ಕರೆ ಮಾಡಬೇಕು.

ಬೆವರದೇ ಇರುವ ಮಗುವೂ ಗಾಬರಿಯ ವಿಷಯವೇ. ಮಟಮಟ ಮಧ್ಯಾಹ್ನ ಶೀಟ್ ಮನೆಯಲ್ಲೋ, ಬಾಗಿಲು ಮುಚ್ಚಿದ ಕಾರಿನಲ್ಲೋ ಇದ್ದ ಮಗುವಿನ ಮೈ ಸುಡುತ್ತಾ, ಒಣಗಿ, ಮಂಪರಿನಲ್ಲಿದ್ದರೆ ಬೆವರುವ ಶಕ್ತಿಯೇ ಸೋತಿದೆ. ನೆರಳಿಗೆ ತಂದು, ಸಾಧಾರಣ ನೀರಿನಲ್ಲಿ ಮೈ ಒದ್ದೆ ಮಾಡಿ, ಬೀಸುತ್ತಾ ಆಸ್ಪತ್ರೆಗೆ.

ಐದು ದಿನ ಬಿಟ್ಟು ಮತ್ತೆ ಹೋದೆವು. ಕುಲಾವಿ ಗೂಟದಲ್ಲಿತ್ತು, ಜಾಲರಿ ಬಂದಿತ್ತು. ಬೆವರು ಕಡಿಮೆಯಾಗಿತ್ತು, ಆದರೆ ಕತ್ತಿನ ಮಡಿಕೆಯಲ್ಲಿ, ಬೆನ್ನಿನಲ್ಲಿ ಕೆಂಪು ಬೆವರುಸಾಲೆ ಎದ್ದಿತ್ತು. ಮೊದಲ ದಿನವೇ ಇದ್ದ ನಾಳ ಕಟ್ಟಿಕೊಂಡ ಗ್ರಂಥಿಗಳು ಈಗ ಮೇಲೆ ಕಾಣಿಸಿದ್ದವು. ಅದನ್ನು ಕಂಡು ದಪ್ಪಗೆ ಪೌಡರ್ ಮೆತ್ತಿದ್ದರಿಂದ ಬೆವರು ಸೇರಿ ಹಿಟ್ಟಿನಂತೆ ಕಟ್ಟಿಕೊಂಡಿತ್ತು. ಪೌಡರಿನ ದೂಳು ಕೂಸಿನ ಶ್ವಾಸಕೋಶಕ್ಕೂ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ತೆಗೆದು, ಒತ್ತಿ ಒಣಗಿಸಿ, ತುರಿಕೆ ಇದ್ದಲ್ಲಿ ಮಾತ್ರ ಕ್ಯಾಲಮೈನ್ ತೆಳುವಾಗಿ ಹಚ್ಚಲು ಹೇಳಿದೆವು. ಗುಳ್ಳೆಯಲ್ಲಿ ಕೀವು ಬಂದರೆ, ಸುತ್ತ ಕೆಂಪು ಹರಡಿದರೆ, ಜ್ವರ ಬಂದರೆ ತೋರಿಸಬೇಕು. ಇಲ್ಲವಾದರೆ ಮೂರ್ನಾಲ್ಕು ದಿನದಲ್ಲಿ ತಾನೇ ಬಾಡುತ್ತದೆ.

ಅಳಿಯಂದಿರು ಹೊಸ ಕೂಲರ್ ತಂದು ಬಾಗಿಲು ಕಿಟಕಿ ಮುಚ್ಚಿ ಹಚ್ಚಿದ್ದರಂತೆ. ಒದ್ದೆ ಗಾಳಿ ಒಳಗೇ ಸುತ್ತಿ ಮತ್ತೆ ಅದೇ ಜಿಗುಟು. ಕೂಲರ್ ಕಿಟಕಿಯಲ್ಲಿಟ್ಟು ಎದುರಿನ ಕಿಟಕಿ ತೆರೆದಿಡಬೇಕು, ಬಂದ ಗಾಳಿ ಹೊರಗೂ ಹೋಗಬೇಕು. ಅದನ್ನು ತೋರಿಸಿ ಅಳೆಯಲೆಂದು ಮೊಳೆ ನೋಡಿದರೆ ತಾಪಮಾಪಕ ಇರಲಿಲ್ಲ. ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದರಿಂದ ವಾಪಸ್ ಒಯ್ದಿದ್ದರು. ‘ಬೇಕಾದ್ರೆ ತರಿಸ್ತೀನಿ’ ಎಂದ ಅಜ್ಜಿ, ಮಾತಾಡುತ್ತಲೇ ಬಗ್ಗಿ ಕೂಸಿನ ಕತ್ತಿನ ಹಿಂದೆ ಬೆರಳುಗಳ ಹಿಂಬದಿ ಇಟ್ಟು ನೋಡಿ, ಫ್ಯಾನನ್ನು ಒಂದು ಸುತ್ತು ಕಡಿಮೆ ಮಾಡಿದರು.